ಅವ್ವನಿಗೆ ಒಪ್ಪಿಸಿದ ಪಾಠಗಳು

ಹೋದ ವರ್ಷ ಮೊಮ್ಮಗಳ ನಿಶ್ಚಯಕ್ಕೆಂದು ಗೋಕಾಕಕ್ಕೆ ಹೋಗಿದ್ದೆ. ಹುಕ್ಕೇರಿಯ ಬಸ್ಸು ಇಳಿದು, ಸೊಸೆಯ ಕೈ ಹಿಡಿದು ಪೇಟೆಯ ಒಳದಾರಿಯಲ್ಲಿ ನಡೆಯುತ್ತಿದ್ದೆ. ಕರದಂಟು ಮಾಡುವ ಒಂದು ಮನೆಯಿಂದ, ಕಾದ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂತು. ನಾನು ನಿಂತುಬಿಟ್ಟೆ. “ಯಾಕ್ರೀ ಅತ್ತಿ, ಮೊಣಕಾಲು ನೋಯಾಕತ್ತಾವೇನು?” ಎಂದು ಸೊಸೆ ಕೇಳಿದಳು. ಹೌದೆಂದೆ. ಅವಳು ನನ್ನನ್ನು ಒಂದು ಕಟ್ಟೆಯ ಮೇಲೆ ಕೂಡ್ರಿಸಿ ನೀರು ತರಲು ಹೋದಳು.

ಬೇರೆಯವರಿಗೆ ಅದು ಮಿಠಾಯಿಯ ವಾಸನೆ. ನನಗದು ಬಾಣಂತಿ ಕೋಣೆಯ ವಾಸನೆ. ಅಂಟು ಹುರಿದು, ಬೆಲ್ಲ, ಕೊಬ್ಬರಿ, ಉತ್ತತ್ತಿ ಕೂಡಿಸಿ ಕಟ್ಟಿದ ಉಂಡಿಯನ್ನು ನಮ್ಮಲ್ಲಿ ಹಡೆದ ಹೆಂಗಸರಿಗೆ ಕೊಡುತ್ತಾರೆ. ಅದು ಮೂಗಿಗೆ ಬಡಿದರೆ ಸಾಕು, ನಾನು ಹನ್ನೊಂದು ವರ್ಷದವಳಾಗಿಬಿಡುತ್ತೇನೆ. ಆ ವರ್ಷವನ್ನು ನೆನೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಅದನ್ನು ಬಲ್ಲವರು ನನ್ನ ಹೊರತು ಈಗ ಯಾರೂ ಉಳಿದಿಲ್ಲ.

ಬ್ರಿಟಿಷರ ಆಳಿಕೆಯ ದಿನಗಳವು. ನಮ್ಮ ಮನೆ ಗೋಕಾಕದ ಪೇಟೆಯ ಓಣಿಯಲ್ಲಿತ್ತು. ಅಪ್ಪನದು ಅರಳೆಯ ವ್ಯಾಪಾರ. ಮೂಡಲಗಿಯ ಸಂತೆಗೆ, ಅಲ್ಲಿಂದ ಹಳ್ಳಿಹಳ್ಳಿಗೆ ಚಕ್ಕಡಿ ಕಟ್ಟಿಕೊಂಡು ಹೋದನೆಂದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ನಾನು, ಅವ್ವ, ಅಪ್ಪನ ತಾಯಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅಪ್ಪನ ತಮ್ಮ ರುದ್ರಪ್ಪ ಕಾಕಾ ಪುಣೆಯಲ್ಲಿ ವಕೀಲಿ ಓದುತ್ತಿದ್ದ.

ಜೂನಿನ ಮಿರಗದ ಮಳೆ ಹಿಡಿದ ವಾರವೇ ಅವ್ವ ಗಂಡು ಹಡೆದಳು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹೀಗಾಗಿ ಇಡೀ ಮನೆ ಈ ಕೂಸಿನ ಮೇಲೆ ಜೀವ ಇಟ್ಟುಕೊಂಡಿತ್ತು. ಆಯಿ ತಾನೇ ಒಲೆಯ ಮುಂದೆ ಕೂತು ಅಂಟು ಹುರಿದಳು. ಅಪ್ಪ ಸಂತೆ ಬಿಟ್ಟು ಮನೆಯಲ್ಲೇ ಉಳಿದ. ಸ್ವಾಮಿಗಳು ಬಂದು ಕೂಸಿಗೆ ಲಿಂಗ ಕಟ್ಟಿದರು, ಗುರುಬಸು ಎಂದು ಹೆಸರಿಟ್ಟರು. ಅವನ ಸಲುವಾಗಿ ಅವ್ವ ಹಳೆಯ ಸೀರೆಗಳ ತುಂಡು ಕೂಡಿಸಿ ಒಂದು ಕೌದಿ ಹೊಲಿಯತೊಡಗಿದ್ದಳು. ಶ್ರಾವಣ ಮುಗಿಯುವ ಹೊತ್ತಿಗೆ ಗುರುಬಸುವಿಗೆ ಜ್ವರ ಬಂತು. ಜ್ವರದಲ್ಲಿ ಕೈಕಾಲು ಸೆಟೆದವು. ಡಬ್ಬಿಯಲ್ಲಿ ಅಂಟಿನ ಉಂಡಿ ಇನ್ನೂ ಇರುವಾಗಲೇ ಕೂಸು ಹೋಯಿತು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಮಳೆ ಒಂದೇ ಸಮ ಸುರಿಯುತ್ತಿತ್ತು. ಬೇಡವೆಂದರೂ ಕೇಳದೆ ನಾನು ಅಪ್ಪನ ಧೋತರದ ಚುಂಗು ಹಿಡಿದು ಹೊಲಕ್ಕೆ ಹೋದೆ. ಬದುವಿನ ಹತ್ತಿರ ತೋಡಿದ ಕುಣಿಯಲ್ಲಿ ನೀರು ನಿಂತಿತ್ತು. ಆಳುಮನುಷ್ಯ ಅದನ್ನು ತಂಬಿಗೆಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದ. ಚೆಲ್ಲಿದಷ್ಟೂ ಮತ್ತೆ ಒಸರುತ್ತಿತ್ತು. ಕೊನೆಗೆ ಅಪ್ಪ, “ಸಾಕು ಬಿಡೋ” ಎಂದು ಮುಖ ಆ ಕಡೆ ಮಾಡಿದ.

ಮನೆಯಲ್ಲಿ ಆಯಿ ಅವ್ವನ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. “ಅಂವ ಲಿಂಗದಾಗ ಬೆರತಾನ, ಗಂಗವ್ವಾ. ಹಂಗ ಅಳಬಾರದು” ಎಂದಳು.

“ಬೆರತ ಮ್ಯಾಲ ನನಗ ಮತ್ತ ಹೊಳ್ಳಿ ಸಿಗತಾನೇನ್ರಿ?” ಎಂದು ಅವ್ವ ಕೇಳಿದಳು.

“ಹೊಳಿ ಸಮುದ್ರ ಸೇರಿದ ಮ್ಯಾಲ ಹೊಳಿ ಅಂತ ಬ್ಯಾರೆ ಎಲ್ಲಿ ಇರತೈತವ್ವಾ?” ಆಯಿ ಸಮಾಧಾನಕ್ಕೆಂದೇ ಹಾಗಂದಳು.

“ನನಗ ಸಮುದ್ರ ಬ್ಯಾಡ್ರಿ. ನನ್ನ ಕೂಸು ಬೇಕು.”

ಅದಾದ ಮೇಲೆ ಅವ್ವ ಮಾತು ಬಿಟ್ಟಳು. ಅಡಿಗೆ ಮಾಡುವಳು, ಬಡಿಸುವಳು, ಕೇಳಿದ್ದಕ್ಕೆ ಹೂಂ ಎನ್ನುವಳು. ಮಧ್ಯಾಹ್ನವಾಯಿತೆಂದರೆ ಪಡಸಾಲೆಯಲ್ಲಿ ಕೂತು ಅದೇ ಕೌದಿ ಹೊಲಿಯುವಳು. ಯಾರಿಗಾಗಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಪಾಟಿ ಪುಸ್ತಕ ಹಿಡಿದು ಸಾಲಿಯಿಂದ ಬಂದರೆ ಕತ್ತೆತ್ತಿ ನೋಡುತ್ತಿರಲಿಲ್ಲ. ನಾನೂ ಅವಳ ಮಗಳೇ ಅನ್ನುವುದು ಅವಳಿಗೆ ಮರೆತುಹೋಗಿದೆ ಅನಿಸುತ್ತಿತ್ತು.

ನಾನು ಹೋಗುತ್ತಿದ್ದುದು ಮಿಶನ್ ಸಾಲಿಗೆ. ನಮ್ಮ ಓಣಿಗೆ ಅದೇ ಹತ್ತಿರವಿತ್ತು, ಹೊಲಿಗೆ ಕಲಿಸುತ್ತಿದ್ದರು. ಅಪ್ಪ ಅಷ್ಟನ್ನೇ ನೋಡಿ ಹಾಕಿದ್ದ. ನಮಗೆ ಕಲಿಸುತ್ತಿದ್ದವರು ಎಸ್ತರಬಾಯಿ. ತೆಳ್ಳಗೆ, ಬೆಳ್ಳಗೆ, ಬಿಳಿ ಸೀರೆ ಉಡುತ್ತಿದ್ದ ವಿಧವೆ. ಪ್ಲೇಗಿನಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡವರು. ಗದರಿಸಿ ಗೊತ್ತಿರಲಿಲ್ಲ ಅವರಿಗೆ. ದಿನದ ಮೊದಲ ತಾಸು ದೇವರ ಪಾಠ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ತಪ್ಪಿಲ್ಲದೆ ಒಪ್ಪಿಸಿದವರಿಗೆ ಬಣ್ಣದ ಚಿತ್ರವಿದ್ದ ಒಂದು ಕಾರ್ಡು. ಕುರಿಮರಿ ಎತ್ತಿಕೊಂಡ ಯೇಸುಸ್ವಾಮಿ, ದೋಣಿಯಲ್ಲಿ ನಿಂತ ಯೇಸುಸ್ವಾಮಿ. ಬಾಯಿಪಾಠದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹೆಚ್ಚಿನ ಕಾರ್ಡುಗಳು ನನ್ನ ಚೀಲದಲ್ಲೇ ಇದ್ದವು.

ಒಂದು ಮಧ್ಯಾಹ್ನ, ಅವ್ವನ ಎದುರಿಗೆ ಕೂತು, ಅವಳು ಕೇಳಲಿ ಬಿಡಲಿ ಎಂದು ಆ ದಿನದ ಪಾಠ ಹೇಳಿದೆ. “ಸೀರೆಯನ್ನು ಕಂಡರೆ ನೇಯ್ದವನೊಬ್ಬ ಇದ್ದಾನೆಂದು ತಿಳಿಯುವದಿಲ್ಲವೋ? ಹಾಗಾದರೆ ಆಕಾಶವನ್ನೂ ಭೂಮಿಯನ್ನೂ ಕಂಡು ಮಾಡಿದಾತನೊಬ್ಬ ಇದ್ದಾನೆಂದು ಏಕೆ ತಿಳಿಯಬಾರದು?” ಎಂದು ಪುಸ್ತಕದ ಕನ್ನಡದಲ್ಲಿ, ಎಸ್ತರಬಾಯಿಯವರ ರಾಗದಲ್ಲಿ.

ಅವ್ವ ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. “ಇದನ್ನ ಯಾರ ಹೇಳಿದ್ರು?”

“ಬಾಯಾರು.”

“ಮತ್ತೇನ ಹೇಳಿದ್ರು?”

ಎಷ್ಟೋ ದಿನಗಳ ಮೇಲೆ ಅವ್ವ ನನಗೆ ಕೇಳಿದ ಮೊದಲ ಮಾತು ಅದು. ನನಗಾದ ಸಂತೋಷ ಇಷ್ಟೇ ಎಂದು ಹೇಳಲಾರೆ. ಅಂದಿನಿಂದ ದಿನಾಲೂ ಒಂದು ಪಾಠ ಅವ್ವನಿಗಾಗಿ ತರತೊಡಗಿದೆ. ಪ್ರಾರ್ಥನೆ ಮಾಡಿದ ಇಂಥ ಊರಿನ ಇಂಥವಳು ಬೇನೆಯಿಂದ ಎದ್ದಳು. ಆದ್ದರಿಂದ ಪ್ರಾರ್ಥನೆ ಕೇಳುವ ದೇವರು ನಿಜ. ಈ ಮಾತಿಗಾಗಿ ಹಿಂದಿನ ಕಾಲದಲ್ಲಿ ಭಕ್ತರು ಸಿಂಹಗಳ ಬಾಯಿಗೆ ಬಿದ್ದರು. ಸುಳ್ಳಿಗಾಗಿ ಯಾರಾದರೂ ಪ್ರಾಣ ಕೊಡುವರೋ? ರೇಲ್ವೆ, ತಂತಿ, ನಮ್ಮ ಜಲಪಾತದ ಹತ್ತಿರದ ಗಿರಣಿ, ಎಲ್ಲವನ್ನೂ ತಂದವರು ಯಾವ ದೇವರನ್ನು ನಂಬಿದ ಜನ? ಅರ್ಥ ಎಷ್ಟು ಆಗಿತ್ತೋ ನಾನರಿಯೆ. ಅವ್ವನ ಕಣ್ಣು ನನ್ನ ಮೇಲೆ ಇರುತ್ತಿತ್ತು, ನನಗಷ್ಟು ಸಾಕಾಗಿತ್ತು.

ಕ್ರಮೇಣ ಅವ್ವ ನನ್ನ ಕೈಯಲ್ಲಿ ಪ್ರಶ್ನೆ ಕಳಿಸತೊಡಗಿದಳು. “ಸಣ್ಣ ಕೂಸು ಸತ್ರ ಎಲ್ಲಿ ಇರತೈತಿ ಅಂತ ಕೇಳು.” ಕೇಳಿಕೊಂಡು ಬಂದೆ: ಯೇಸುಸ್ವಾಮಿಯ ಮಡಿಲಲ್ಲಿ. “ತಾಯಿ ಮುಂದ ಯಾವಾಗರೆ ಹೋದ್ರ ಗುರ್ತು ಹಿಡೀತೈತೇನು ಕೇಳು.” ಅದನ್ನು ಕೇಳಿದಾಗ ಎಸ್ತರಬಾಯಿಯವರ ಕಣ್ಣಲ್ಲಿ ನೀರು ಬಂತು. “ಹಿಡೀತೈತಿ ಪಾರವ್ವಾ. ಖಂಡಿತ ಹಿಡೀತೈತಿ. ನಂಬಿದ ತಾಯಿ ಆಗಿರಬೇಕು, ಅಷ್ಟ” ಎಂದರು. ಅದನ್ನೂ ಮನೆಗೆ ಒಯ್ದೆ.

ಅವ್ವ ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ, “ಇದೆಲ್ಲಾ ಖರೆ ಇಲ್ಲದಿದ್ರ?” ಎಂದಳು.

ಅದಕ್ಕೆ ನನ್ನಲ್ಲಿ ಉತ್ತರ ತಯಾರಿತ್ತು. ಹಿಂದಿನ ವಾರವಷ್ಟೇ ಅದನ್ನು ಒಪ್ಪಿಸಿ ಕಾರ್ಡು ಗೆದ್ದಿದ್ದೆ. “ನಂಬಿದವನಿಗೆ, ಅದು ನಿಜವಾಗಿದ್ದರೆ ನಿತ್ಯಜೀವ ದೊರೆಯುವದು. ನಿಜವಲ್ಲದಿದ್ದರೆ ಅವನು ಕಳೆದುಕೊಳ್ಳುವದೇನೂ ಇಲ್ಲ. ನಂಬದವನಾದರೋ ಎಲ್ಲವನ್ನೂ ಕಳೆದುಕೊಳ್ಳುವನು. ಹಾಗಾದರೆ ಜಾಣನಾದವನು ಯಾವದನ್ನು ಆರಿಸುವನು?”

“ಇನ್ನೊಮ್ಮಿ ಹೇಳು” ಎಂದಳು ಅವ್ವ. ಹೇಳಿದೆ. “ಇನ್ನೊಮ್ಮಿ” ಎಂದಳು. ಮತ್ತೆ ಹೇಳಿದೆ, ಇನ್ನೂ ಚೆನ್ನಾಗಿ.

ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಒಂದು ದಿನ ನಾನು ಏಳುವ ಹೊತ್ತಿಗೆ ಅವ್ವ ಮನೆಯಲ್ಲಿರಲಿಲ್ಲ. ದೇವರ ಮಾಡದ ಮುಂದೆ, ಲಿಂಗವಿದ್ದ ಅವಳ ಬೆಳ್ಳಿಯ ಕರಡಿಗೆ ದಾರದ ಸಮೇತ ಇತ್ತು. ಅದನ್ನು ಕಂಡ ಆಯಿ ಕೂಗಿದ ಕೂಗು ಓಣಿಗೆಲ್ಲ ಕೇಳಿತು. ಕೊರಳಿನ ಲಿಂಗ ತೆಗೆದಿಟ್ಟು ಹೋದವಳು ಹೊಳೆಗೇ ಬಿದ್ದಿರಬೇಕೆಂದು ಆಳುಗಳು ಹೊಳೆದಂಡೆಗೆ ಓಡಿದರು. ಅಪ್ಪ ಅವಳ ತವರು ಕಲ್ಲೋಳಿಗೆ ಓಡಿದ. ಸಂಜೆಗೆ ಸುದ್ದಿ ಬಂತು. ಅವಳು ಊರ ಹೊರಗಿನ ಮಿಶನ್ ಕಂಪೌಂಡಿನಲ್ಲಿದ್ದಳು. ಮುಂದಿನ ರವಿವಾರ ದೀಕ್ಷಾಸ್ನಾನವೂ ಆಯಿತಂತೆ.

“ಅಕಿ ಸತ್ಲು ಅಂತ ತಿಳೀರಿ” ಎಂದಳು ಆಯಿ. ಅವ್ವನ ಸೀರೆಗಳನ್ನು ಗಂಟು ಕಟ್ಟಿ ಅಗಸಗಿತ್ತಿಗೆ ಕೊಟ್ಟಳು. ಅಪ್ಪ ಚಕ್ಕಡಿ ಕಟ್ಟಿಸಿ ಮೂಡಲಗಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ನನ್ನ ಸಾಲಿ ಬಿಡಿಸಿದರು. ಅವ್ವ ನನ್ನನ್ನು ನೋಡಲು ನಮ್ಮ ಓಣಿಯ ತಿರುವಿನವರೆಗೆ ಬಂದು ನಿಂತಿದ್ದಳೆಂದೂ, ಆಯಿ ಜನ ಕಳಿಸಿ ತಿರುಗಿಸಿದಳೆಂದೂ ಆಮೇಲೆ ತಿಳಿಯಿತು. ಅವ್ವನಿಗೆ ಈ ಹುಚ್ಚು ಯಾರು ಹಿಡಿಸಿದರು ಎಂದು ಬಂದವರೆಲ್ಲ ಕೇಳುತ್ತಿದ್ದರು. ನಾನು ಮೂಲೆಯಲ್ಲಿ ಕೂತಿರುತ್ತಿದ್ದೆ. ನಾನೇ ಎಂದು ಹೇಳಲಿಲ್ಲ. ಕಾರ್ಡುಗಳನ್ನು ಒಬ್ಬಳೇ ಇದ್ದಾಗ ಒಲೆಗೆ ಹಾಕಿದೆ.

ತಂತಿ ಮುಟ್ಟಿ ಪುಣೆಯಿಂದ ರುದ್ರಪ್ಪ ಕಾಕಾ ಬಂದ. ಅವನು ಅಳಲಿಲ್ಲ, ಕೂಗಾಡಲಿಲ್ಲ. ನನ್ನನ್ನು ಕರೆದು ಮುಂದೆ ಕೂಡ್ರಿಸಿಕೊಂಡು, “ಪಾರವ್ವಾ, ಆ ಸಾಲ್ಯಾಗ ಏನೇನು ಹೇಳಿಕೊಡತಿದ್ರು, ಎಲ್ಲಾ ನನಗೊಮ್ಮೆ ಹೇಳು” ಎಂದ. ಒಪ್ಪಿಸಿದೆ. ಅವನ ಹುಬ್ಬು ಮೇಲೇರಿತು. “ಇದನ್ನ ನಿಮ್ಮವ್ವನ ಮುಂದನೂ ಹೇಳಿದ್ದೇನು?”

ಹೌದೆಂದು ತಲೆ ಆಡಿಸಿದೆ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. “ಇರಲಿ. ಯಾರಿಗೂ ಹೇಳಬ್ಯಾಡ. ನೀ ಕಳಿಸೀ, ನೀನ ಹೊಳ್ಳಿ ಕರಕೊಂಡು ಬಾ. ನಾ ಹೇಳಿಕೊಡತೇನಿ” ಎಂದ.

ಅಂದಿನಿಂದ ಸಂಜೆಯಾದರೆ ಕಾಕಾನ ಪಾಠ. ಅವನು ಎಸ್ತರಬಾಯಿಯವರಿಗಿಂತ ಚೆನ್ನಾಗಿ ಹೇಳಿಕೊಡುತ್ತಿದ್ದ.

“ಸೀರಿ ನೋಡಿದ್ರ ನೇಕಾರ ಅದಾನ ಅಂತ ಯಾಕ ಅಂತೀವಿ? ನೇಯೂದನ್ನ ನಾವು ಕಣ್ಣಾರೆ ನೋಡೇವಿ. ಜಗತ್ತು ನೇಯೂದನ್ನ ಯಾರ ನೋಡ್ಯಾರ? ಮತ್ತ ನೇಕಾರಗೂ ಒಬ್ಬ ಅಪ್ಪ ಇರತಾನ. ಬಾಯಾರ ದೇವರಿಗೆ ಅಪ್ಪ ಯಾರು ಅಂತ ಕೇಳಿದ್ರ, ಅಂವಗ ಅಪ್ಪ ಬೇಕಿಲ್ಲ ಅಂತಾರ. ಹಂಗಾರ ಜಗತ್ತಿಗೂ ಬ್ಯಾಡ ಅಂತ ನಾ ಯಾಕ ಅನ್ನಬಾರದು? ಹೋಗಲಿ, ಒಬ್ಬ ಅದಾನ ಅಂತನ ಇಟ್ಟುಕೋ. ಅಂವ ಬಾಯಾರ ಪುಸ್ತಕದಾಗಿನವನ ಅನ್ನೂದು ಸೀರಿ ಮ್ಯಾಲ ಎಲ್ಲಿ ಬರದೈತಿ?”

ನನಗೆ ನಗು ಬಂತು. ಅವ್ವ ಹೋದ ಮೇಲೆ ಅದೇ ಮೊದಲು ನಕ್ಕಿದ್ದು.

ಪ್ರಾರ್ಥನೆಯಿಂದ ಗುಣವಾದವರ ಮಾತಿಗೆ ಅವನು, “ಗುಣಾದವರ ಹೆಸರು ಹೇಳ್ಯಾರ. ಪ್ರಾರ್ಥನಾ ಮಾಡಿದ ಮ್ಯಾಲೂ ಸತ್ತವರ ಹೆಸರು ಕೇಳು. ಬಾಯಾರ ಗಂಡಗ, ಮಕ್ಕಳಿಗೆ ಬ್ಯಾನಿ ಬಂದಾಗ ಅವರು ಪ್ರಾರ್ಥನಾ ಮಾಡಿರಲಿಲ್ಲೇನು?” ಎಂದ. ಸುಳ್ಳಿಗಾಗಿ ಯಾರೂ ಪ್ರಾಣ ಕೊಡುವುದಿಲ್ಲ ಅನ್ನುವುದಕ್ಕೆ: “ಸುಳ್ಳು ಅಂತ ತಿಳಿದ್ರ ಕೊಡೂದಿಲ್ಲ. ಖರೆ ಅಂತ ತಿಳಕೊಂಡಿರತಾರ, ಕೊಡತಾರ. ಎಲ್ಲಾ ಧರ್ಮದಾಗೂ ಕೊಟ್ಟಾರ. ಎಲ್ಲಾನೂ ಖರೆ ಏನು ಹಂಗಾರ?” ಗಿರಣಿ ತಂದವರ ದೇವರು ನಿಜ ಎಂದರೆ, ಹಿಂದೆ ಕುದುರೆ, ಫಿರಂಗಿ ತಂದು ಈ ಸೀಮೆ ಆಳಿದವರ ದೇವರೂ ಆಗ ನಿಜವಾಗಿದ್ದು, ರಾಜ್ಯ ಹೋದ ಕೂಡಲೇ ಸುಳ್ಳಾದನೇ ಎಂದು ಕೇಳಿದ. ಕಳೆದುಕೊಳ್ಳುವುದೇನೂ ಇಲ್ಲ ಅನ್ನುವ ಪಾಠ ಬಂದಾಗ ಮಾತ್ರ ಅವನ ಮುಖದ ನಗು ಹೋಯಿತು. “ಏನೂ ಇಲ್ಲೇನು? ನಿಮ್ಮವ್ವ ಮನಿ ಕಳಕೊಂಡ್ಲು, ಗಂಡನ್ನ ಕಳಕೊಂಡ್ಲು, ನಿನ್ನ ಕಳಕೊಂಡ್ಲು. ಬಾಯಾರ ಲೆಕ್ಕದಾಗ ಇವೆಲ್ಲಾ ಏನೂ ಅಲ್ಲ” ಎಂದ. ಆಮೇಲೆ, “ಒಂದ ನೆನಪಿಟ್ಟುಕೋ. ಯಾರೂ ನೋಡಿ ಬರದ್ದನ್ನ, ನೋಡಿ ಬಂದವರ ಹಂಗ ಹೇಳಬಾರದು” ಎಂದ.

ಕಾಕಾ ಹೇಳಿದ್ದರಲ್ಲಿ ತಪ್ಪು ನನಗೆ ಈವರೆಗೂ ಕಂಡಿಲ್ಲ. ವಯಸ್ಸಾದ ಮೇಲೆ ಎಷ್ಟೋ ಸಲ ಒಂದೊಂದನ್ನೇ ತಿರುವಿ ನೋಡಿದ್ದೇನೆ. ಆದರೆ ಅಂದು ನಾನು ಒಂದು ಪ್ರಶ್ನೆ ಕೇಳಿದ್ದೆ: “ಹಂಗಾರ ಕಾಕಾ, ಗುರುಬಸು ಲಿಂಗದಾಗ ಬೆ​ರತಾನ ಅಂತ ಆಯಿ ಅಂದ್ಲಲ್ಲ, ಅದನ್ನ ಯಾರ ನೋಡಿ ಬಂದಾರ?”

ಕಾಕಾ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಅದನ್ನೀಗ ಕೇಳಬ್ಯಾಡ.”

ಅಷ್ಟರಲ್ಲೇ ನನಗೆ ಉತ್ತರ ಸಿಕ್ಕಿತ್ತು. ಬಾಯಿಯವರು ಹೇಳಿದ್ದು ಸುಳ್ಳಾದರೆ, ಆಯಿ ಹೇಳಿದ್ದನ್ನೂ ಯಾರೂ ನೋಡಿಲ್ಲದಿದ್ದರೆ, ನಾನು ನೋಡಿದ್ದು ಒಂದೇ ಉಳಿಯಿತು. ನೀರು ಒಸರುತ್ತಿದ್ದ ಆ ಕುಣಿ.

ಶಿವರಾತ್ರಿಗೆ ಮೊದಲು ಕಾಕಾ ಮಿಶನ್ನಿಗೆ ನಿರೋಪ ಕಳಿಸಿದ: ಅತ್ತಿಗೆ ಒಪ್ಪಿದರೆ ಪಾರವ್ವನನ್ನು ಕರೆತಂದು ಭೇಟಿ ಮಾಡಿಸುತ್ತೇನೆ. ಒಪ್ಪಿಗೆ ಬಂತು. ಆಯಿಗೆ ಹೇಳದೆ ಹೋದೆವು. ಕಂಪೌಂಡಿನ ಬೇವಿನ ಗಿಡದ ಕೆಳಗೆ ಅವ್ವ ನಿಂತಿದ್ದಳು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಬಡವಾಗಿದ್ದಳು. ಓಡಿ ಹೋಗಿ ತೆಕ್ಕೆ ಬೀಳಬೇಕೆಂದು ಅಷ್ಟು ದಿನ ಅಂದುಕೊಂಡವಳು, ಎದುರಿಗೆ ಹೋದಾಗ ನಾಚಿ ನಿಂತೆ. ಅವಳೇ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ತಲೆ ಮೇಲೆ ಕೈ ಆಡಿಸಿ, “ಈ ಹೆರಳು ಯಾರ ಹಾಕ್ಯಾರ? ನೆಟ್ಟಗ ಬೈತಲೆ ಸೈತ ತಗದಿಲ್ಲ” ಎಂದಳು. ಕಟ್ಟೆಯ ಮೇಲೆ ಕೂತು, ನನ್ನನ್ನು ಕೆಳಗೆ ಬೆನ್ನು ಮಾಡಿ ಕೂಡ್ರಿಸಿ, ಹೆರಳು ಬಿಚ್ಚತೊಡಗಿದಳು.

ಕಾಕಾ ತುಸು ದೂರದಲ್ಲಿ ನಿಂತು ನನ್ನ ಕಡೆ ನೋಡಿ ತಲೆ ಆಡಿಸಿದ. ನಾನು ಶುರು ಮಾಡಿದೆ. ಸೀರೆ ಮತ್ತು ನೇಕಾರನಿಂದ ಹಿಡಿದು ಒಂದೊಂದನ್ನೇ, ತಡೆಯಿಲ್ಲದೆ. ಅವ್ವನ ಬೆರಳುಗಳು ನನ್ನ ಕೂದಲಲ್ಲಿ ಆಡುತ್ತಿದ್ದವು. ಪ್ರತಿಯೊಂದಕ್ಕೂ ಅವಳು ಮೆಲ್ಲಗೆ “ಹೂಂ” ಅನ್ನುತ್ತಿದ್ದಳು, ಒಮ್ಮೊಮ್ಮೆ “ಖರೆ ಐತಿ.” ಕಳೆದುಕೊಳ್ಳುವುದೇನಿಲ್ಲ ಅಂದದ್ದು ತಪ್ಪು ಅಂದಾಗ, “ತಪ್ಪು ಅಂತ ನನಗೂ ತಿಳಿದೈತಿ ಪಾರಿ” ಎಂದಳು. ನಾನು ಉಬ್ಬಿಹೋದೆ. ಒಂದೂ ಮಾತು ಅವಳು ಅಡ್ಡ ಹಾಕಲಿಲ್ಲ.

“ಹಂಗಾರ ಮನಿಗಿ ಬಾ ಅವ್ವಾ” ಎಂದೆ.

ಅವ್ವ ಮೂರು ಎಳೆ ಕೂಡಿಸುತ್ತಿದ್ದಳು. ತನ್ನಷ್ಟಕ್ಕೆ ಕೇಳಿಕೊಂಡ ಹಾಗೆ, ಕಾಕಾನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ನಾ ಬಂದುಬಿಟ್ರ ಅಂವ ಅಲ್ಲಿ ನನ್ನ ದಾರಿ ನೋಡತಾನೇನ, ಪಾರಿ?” ಎಂದಳು.

ಅದು ಯಾವ ಪಾಠದಲ್ಲೂ ಇರಲಿಲ್ಲ. ಕಾಕಾ ಅದಕ್ಕೆ ಉತ್ತರ ಕಲಿಸಿರಲಿಲ್ಲ. ಈಗ ಸುಮ್ಮನಿದ್ದರೆ ಎಲ್ಲ ಕೆಡುತ್ತದೆ, ಗೆದ್ದದ್ದು ಸೋತುಹೋಗುತ್ತದೆ ಅನಿಸಿತು. ಬಾಯಿಪಾಠವಲ್ಲದ, ನನ್ನದೇ ಆದ ಮೊದಲ ಮಾತನ್ನು ನಾನು ಆಡಿದೆ.

“ಅಂವ ಎಲ್ಲೂ ಇಲ್ಲವ್ವಾ. ಅಲ್ಲೂ ಇಲ್ಲ, ಲಿಂಗದಾಗೂ ಇಲ್ಲ. ನಮ್ಮ ಹೊಲದಾಗ ಮಣ್ಣಾಗ ಅದಾನ. ನಾ ನೋಡೇನಿ. ಅವನ ಕುಣಿಯಾಗ ನೀರು ಇದ್ವು.”

ಬೆರಳುಗಳು ನಿಂತವು. ನಾನು ಬೆನ್ನು ಮಾಡಿ ಕೂತಿದ್ದೆ, ಅವಳ ಮುಖ ನನಗೆ ಕಾಣಲಿಲ್ಲ. ಎದುರಿಗೆ ಕಂಪೌಂಡಿನ ಗೋಡೆ, ಅದರ ಮೇಲೆ ಒಣಹಾಕಿದ ಚಾದರಗಳು. ಆಮೇಲೆ ಬೆರಳುಗಳು ಮತ್ತೆ ಆಡಿದವು. ಹೆರಳನ್ನು ಕೊನೆಯವರೆಗೂ ಹಾಕಿ, ದಾರ ಸುತ್ತಿ ಬಿಗಿದು, “ನಡಿ” ಎಂದು ಅವ್ವ ಎದ್ದಳು. ಎಸ್ತರಬಾಯಿಯವರು ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅವ್ವ ಅವರಿಗೆ ಕೈ ಮುಗಿದು ನಮ್ಮ ಹಿಂದೆ ನಡೆದುಬಂದಳು.

ಸ್ನಾನ, ವಿಭೂತಿ, ಪ್ರಾಯಶ್ಚಿತ್ತ, ಎಲ್ಲ ಆದವು. ಸ್ವಾಮಿಗಳು ಹೊಸದಾಗಿ ಲಿಂಗ ಕಟ್ಟಿದರು. ಅಪ್ಪ ಮೂಡಲಗಿಯಿಂದ ಓಡಿ ಬಂದ. ಹೆಂಡತಿಯ ಮುಖ ನೋಡಲಾರದೆ ಆಕಳಿನ ಮೈ ತಿಕ್ಕುತ್ತ ಗೋದಲಿಯ ಹತ್ತಿರವೇ ಬಹಳ ಹೊತ್ತು ನಿಂತಿದ್ದ. ಆಯಿ ನಾಲ್ಕು ದಿನ ಮುನಿಸಿಕೊಂಡು ಐದನೆಯ ದಿನ ಅವ್ವ ಬಡಿಸಿದ್ದನ್ನು ಉಂಡಳು. ಹನ್ನೊಂದು ವರ್ಷದ ಹುಡುಗಿ ವಾದ ಮಾಡಿ ತಾಯಿಯನ್ನು ತಿರುಗಿ ತಂದಳು ಎಂದು ಬಂಧುಬಳಗದಲ್ಲಿ ನನ್ನ ಹೆಸರಾಯಿತು. ಕಲ್ಲೋಳಿಯಿಂದ, ಅರಭಾವಿಯಿಂದ ಬಂದ ಬೀಗರು, “ಎಲ್ಲಿ, ಪಾದ್ರಿಗೆ ಏನ ಉತ್ತರ ಕೊಡಬೇಕು, ಹೇಳವ್ವಾ ಕೇಳೂಣು” ಎಂದು ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ತೊಡೆ ತಟ್ಟಿ ನಗುತ್ತಿದ್ದರು. ಒಳಗೆ ಅವ್ವ ಅವರಿಗೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಸಲವೂ ಅವಳ ಕೈಯ ಸಪ್ಪಳ ನಿಂತದ್ದು ನನಗೆ ನೆನಪಿಲ್ಲ. ನಾನೂ ಆ ಕಡೆ ಕಿವಿ ಕೊಟ್ಟಿರಲಿಲ್ಲ.

ಅವ್ವ ಮತ್ತೆ ಮಾತಾಡಲು ಶುರು ಮಾಡಿದಳು, ಎಲ್ಲರ ಹಾಗೆ. ನಗುತ್ತಲೂ ಇದ್ದಳು. ಅರ್ಧವಾಗಿದ್ದ ಕೌದಿಯನ್ನು ಆಳಿನ ಹೆಂಡತಿಗೆ ಕೊಟ್ಟುಬಿಟ್ಟಳು. ಗುರುಬಸುವಿನ ಹೆಸರು ಯಾರಾದರೂ ತೆಗೆದರೆ ಎದ್ದು ಒಳಗೆ ಹೋಗುವಳು. ಆ ಹೊಲಕ್ಕೆ ಬುತ್ತಿ ಒಯ್ಯುವುದನ್ನು ಬಿಟ್ಟಳು. ಮನೆಯಲ್ಲಿ ಎಲ್ಲರೂ ಅವಳು ಮೊದಲಿನಂತಾದಳು ಎಂದರು. ನಾನೂ ಹಾಗೇ ಅಂದುಕೊಂಡೆ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ಎರಡು ಮಕ್ಕಳಾದವು. ಒಂದು ಸಲ ತವರಿನಿಂದ ತಿರುಗಿ ಬರುವಾಗ ಹತ್ತರಗಿಯಲ್ಲಿ ಮೋಟಾರಿಗಾಗಿ ಕಾಯುತ್ತ ಕೂತಿದ್ದೆ. ಮುಪ್ಪಾದ ಒಬ್ಬ ಹೆಂಗಸು ಬಂದು, “ನೀ ಗಂಗವ್ವನ ಮಗಳು ಪಾರವ್ವ ಅಲ್ಲೇನು?” ಎಂದರು. ಎಸ್ತರಬಾಯಿ. ನನ್ನ ಕೂಸನ್ನು ಎತ್ತಿಕೊಂಡು ಆಡಿಸಿದರು. ಅವ್ವನ ಆರೋಗ್ಯ ಕೇಳಿದರು. ಬಹಳ ಹೊತ್ತಿನ ಮೇಲೆ ಅವರೇ ಆ ಮಾತು ತೆಗೆದರು.

“ಕಳಕೊಳ್ಳೂದು ಏನೂ ಇಲ್ಲ ಅಂತ ನಿಮಗೆಲ್ಲ ಕಲಿಸತಿದ್ನೆಲ್ಲ, ಆ ಪಾಠ ಆಮ್ಯಾಲ ನಾ ಎಲ್ಲೂ ಹೇಳಲಿಲ್ಲವ್ವಾ. ನನಗ ಕಳಕೊಳ್ಳಾಕ ಏನೂ ಉಳಿದಿರಲಿಲ್ಲ. ಅದಕ್ಕ ಅದು ನನಗ ಖರೆ ಅನಿಸಿತ್ತು. ನಿಮ್ಮವ್ವಗ ನೀ ಇದ್ದಿ ಅನ್ನೂದು ನನ್ನ ತಲಿಗಿ ಬರಲಿಲ್ಲ.” ಕಣ್ಣೊರೆಸಿಕೊಂಡು ಅವರು ಮುಂದುವರಿಸಿದರು. “ನಿಮ್ಮ ಕಾಕಾನ ನಿರೋಪ ಬಂದ ದಿನಾನ ಅಕಿ ನನಗ ಹೇಳಿದ್ಲು. ‘ಪಾರಿ ಬಂದ್ರ ನಾ ಅಕೀ ಕೂಡ ಹೋಗತೇನ್ರಿ ಬಾಯಾರ, ನೀವು ಬ್ಯಾಸರ ಮಾಡಿಕೋಬ್ಯಾಡ್ರಿ’ ಅಂತ. ನಾ ಬ್ಯಾಡ ಅನಲಿಲ್ಲ.”

ಮೋಟಾರು ಬಂತು. ಹತ್ತಿ ಕೂತವಳಿಗೆ ಹುಕ್ಕೇರಿ ಬಂದದ್ದೂ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಅವ್ವ ಮೊಮ್ಮಕ್ಕಳನ್ನು ನೋಡಲೆಂದು ನಮ್ಮಲ್ಲಿಗೆ ಬಂದಿದ್ದಳು. ಮಾಳಿಗೆಯ ಮೇಲೆ ಇಬ್ಬರೂ ಮೆಣಸಿನಕಾಯಿ ಹರವುತ್ತಿದ್ದೆವು. ಅಷ್ಟು ವರ್ಷ ನಾವಿಬ್ಬರೂ ಮುಟ್ಟದಿದ್ದ ಮಾತನ್ನು ನಾನು ತೆಗೆದೆ. “ಅವ್ವಾ, ಅವತ್ತು ನಾ ಬರೂ ಮೊದಲ ನೀ ಹೊಳ್ಳಿ ಬರಾಕ ತಯಾರಾಗಿದ್ದೇನು?”

ಅವ್ವ ಮೆಣಸಿನಕಾಯಿ ಹರವುತ್ತಲೇ, “ಹೂಂ. ನಿನ್ನ ಬಿಟ್ಟು ಇರಾಕ ಆಗಲಿಲ್ಲ” ಎಂದಳು.

“ಕಾಕಾ ಕಲಿಸಿದ್ದೆಲ್ಲಾ ನಾ ಹೇಳಿದ್ನೆಲ್ಲ...”

“ಅವು ನನಗ ಮೊದಲ ಗೊತ್ತಿದ್ವು. ಸಾಲಿಯಿಂದ ಬಂದು ನೀ ಪಾಠ ಒಪ್ಪಿಸಾಕತ್ತಾಗನ, ಇದು ಲೆಕ್ಕಕ್ಕ ಕೂಡೂದಿಲ್ಲ ಅಂತ ಅನಿಸತಿತ್ತು. ನೇಕಾರಂದು, ಬ್ಯಾನಿ ಬಂದವರದು, ಎಲ್ಲಾ. ನಾ ಏನ್ ಅಷ್ಟು ದಡ್ಡಿ ಏನ? ಎಲ್ಲಿಗರೆ ಹೋಗಬೇಕಾಗಿತ್ತು ನನಗ. ಆ ಮನ್ಯಾಗ ಉಸಿರಾಡಾಕ ಆಗತಿರಲಿಲ್ಲ. ಹೋಗಾಕ ಒಂದು ಮಾತು ಬೇಕಾಗಿತ್ತು, ನೀ ತಂದು ಕೊಟ್ಟಿ.” ಅವಳು ನನ್ನ ಕಡೆ ನೋಡಿ ನಕ್ಕಳು ಕೂಡ.

ಹಾಗಾದರೆ ವಾದಗಳು ಅವಳನ್ನು ಒಯ್ದಿರಲಿಲ್ಲ, ವಾದಗಳು ತಂದೂ ಇರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು ಅನಿಸಿತು ಒಂದು ಗಳಿಗೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಾಗಲಿಲ್ಲ. “ಕಡೀಕ ಒಂದು ಮಾತು ಅಂದಿದ್ದೆ ನಾ. ನೀ ದಾರಿ ನೋಡತಾನೇನು ಅಂತ ಕೇಳಿದಾಗ. ಅದು ಕಾಕಾ ಕಲಿಸಿದ್ದಲ್ಲ ಅವ್ವಾ, ನಂದ. ನೋಡಿ ಬಂದವರ ಹಂಗ ಹೇಳಿದೆ. ನಾ ನೋಡಿದ್ದು ಕುಣಿ ಒಂದ.”

ಅವ್ವನ ಕೈ ನಿಂತಿತು. ಈ ಸಲ ನಾನು ಅವಳ ಎದುರಿಗೆ ಕೂತಿದ್ದೆ. ಅಂದು ಬೇವಿನ ಗಿಡದ ಕೆಳಗೆ ನನ್ನ ಬೆನ್ನ ಹಿಂದೆ ಆ ಮುಖ ಹೇಗಾಗಿತ್ತು ಎಂಬುದನ್ನು, ಅಷ್ಟು ವರ್ಷಗಳ ಮೇಲೆ, ಕಣ್ಣಾರೆ ಕಂಡೆ.

“ಕುಣಿಯಾಗ ನೀರು ಇದ್ವು ಅಂದಿ” ಎಂದಳು. “ಉಳಿದದ್ದೆಲ್ಲಾ ನನಗ ಗೊತ್ತಿತ್ತು, ಪಾರಿ. ಅದೊಂದು ಗೊತ್ತಿರಲಿಲ್ಲ.”

ಕೆಳಗೆ ನನ್ನ ಸಣ್ಣ ಮಗ ಎದ್ದು ಅಳುವುದು ಕೇಳಿಸಿತು. ನಾನು ಏಳಬೇಕೆನ್ನುವಷ್ಟರಲ್ಲಿ ಅವ್ವ, “ನೀ ಕೂಡು, ನಾ ನೋಡತೇನಿ” ಎಂದು ಖಾರದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಏಣಿ ಇಳಿದು ಹೋದಳು.